‘ಭಾಳ ನೋವು’ ಅಂದರೆ ಎಷ್ಟು? ಮೊಬೈಲ್‌ನಲ್ಲಿ ಲೆಕ್ಕ ಇಡುವುದು ಹೀಗೆ

“ಮುಟ್ಟಾದಾಗ ಹೊಟ್ಟೆನೋವು ಎಷ್ಟಿರುತ್ತಮ್ಮಾ?”
“ಭಾಳ ಇರ್ತೈತ್ರಿ.”
“ಎಷ್ಟು ದಿನ?”
“ಯಾವಾಗ್ಲೂ ಇರ್ತೈತ್ರಿ ಮೇಡಂ.”

ಬಳ್ಳಾರಿಯ ಹೆರಿಗೆ ಡಾಕ್ಟರ ಕೋಣೆಯಲ್ಲಿ ಈ ಮಾತು ದಿನವೂ ನಡೆಯುತ್ತದೆ. ಹೊರಗೆ ಚೀಟಿ ಹಿಡಿದವರ ಸಾಲು. ಮಾತ್ರೆ ಬರೆದು ಕಳಿಸುತ್ತಾರೆ. ಆಕೆ ಹೇಳಿದ್ದು ಸುಳ್ಳಲ್ಲ. ಆದರೆ ‘ಭಾಳ’ವನ್ನು ಅಳೆಯುವುದು ಹೇಗೆ?

ಗರ್ಭಕೋಶದ ಒಳಪದರದಂಥ ಅಂಗಾಂಶ ಗರ್ಭಕೋಶದ ಹೊರಗೆ, ಅಂಡಾಶಯದ ಮೇಲೋ ಕರುಳಿನ ಹತ್ತಿರವೋ ಬೆಳೆಯುವುದಕ್ಕೆ ಎಂಡೋಮೆಟ್ರಿಯೋಸಿಸ್ ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಮುಟ್ಟಾಗುವ ವಯಸ್ಸಿನವರಲ್ಲಿ ಸುಮಾರು 100ಕ್ಕೆ 10 ಜನರಿಗೆ ಇದೆ. ಕಾಯಿಲೆ ಗೊತ್ತಾಗುವ ಹೊತ್ತಿಗೆ ಎಷ್ಟೋ ಜನರಿಗೆ ವರ್ಷಗಳೇ ಕಳೆದಿರುತ್ತವೆ. ‘ಮುಟ್ಟು ಅಂದ್ಮೇಲೆ ನೋವು ಇರೋದೇ’ ಎಂದು ಮನೆಯಲ್ಲೂ ಅಂದುಬಿಡುತ್ತಾರಲ್ಲ!

ಇಂಥ ನೋವನ್ನು ಅಳೆಯಲು ಸಂಶೋಧಕರು ಬಳಸುವ ಉಪಾಯ ಎಲೆಕ್ಟ್ರಾನಿಕ್ ಡೈರಿ. ರೋಗಿಯೇ ದಿನಾ ತನ್ನ ನೋವಿಗೆ ಅಂಕ ಕೊಡುವುದು. ನೋಟ್‌ಬುಕ್ ಸಾಲದೇ ಎನ್ನಬಹುದು. 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ತಮಾಷೆಯ ಅಧ್ಯಯನ ಬಂತು. ಬಹಳ ಕಾಲದಿಂದ ನೋವಿದ್ದವರಿಗೆ ಕಾಗದದ ಡೈರಿ ಕೊಟ್ಟು, ಅದರ ರಟ್ಟಿನೊಳಗೆ ಬೆಳಕು ಬಿದ್ದರೆ ದಾಖಲಿಸುವ ಸಾಧನ ಅಡಗಿಸಿದ್ದರು. ಹೇಳಿದ ಹೊತ್ತಿಗೇ ಬರೆದಿದ್ದೇವೆ ಎಂದು ತೋರಿಸಿದ್ದು 90%. ನಿಜವಾಗಿ ಬರೆದದ್ದು 11%! ಉಳಿದದ್ದು ಬೇರೆ ಹೊತ್ತಿಗೆ ತುಂಬಿಸಿದ್ದು. ಎಲೆಕ್ಟ್ರಾನಿಕ್ ಡೈರಿ ಕೊಟ್ಟವರಲ್ಲಿ ಇದು 94% ಇತ್ತು. ಶಾಲೆಯಲ್ಲಿ ಕಾಪಿ ಬರೆದ ನಮಗೆ ಇದರಲ್ಲಿ ಆಶ್ಚರ್ಯವೇನಿಲ್ಲ, ಅಲ್ವಾ?

ಮೊದಲು, ಜಾಗ ಮಾಡಿಕೊಳ್ಳಿ

ಆ್ಯಪ್ ಬೇಕೇ ಬೇಕು ಅಂತಿಲ್ಲ. ವಾಟ್ಸ್ಆ್ಯಪ್‌ನಲ್ಲಿ ನಿಮಗೆ ನೀವೇ ಮೆಸೇಜ್ ಕಳಿಸಿಕೊಂಡರೆ ಸಾಕು, ದಿನಾಂಕ, ಗಂಟೆ ತಾನೇ ಬೀಳುತ್ತದೆ. ಮನೆಗೆಲ್ಲ ಒಂದೇ ಫೋನಾದರೆ ಗುಟ್ಟಿನ ಅಕ್ಷರ ಇಟ್ಟುಕೊಳ್ಳಿ. ‘ನೋ 7, ರ 2, ಮಾ 2, ಕೆ ಅರ್ಧ.’ ನೋಡಿದವರು ಕಿರಾಣಿ ಲೆಕ್ಕ ಅಂದುಕೊಳ್ಳಲಿ.

ಆಮೇಲೆ, ಹೊತ್ತು ಗೊತ್ತು ಮಾಡಿ

ರಾತ್ರಿ ಊಟವಾದ ಮೇಲೆ ಅಲಾರಂ ಇಡಿ. ‘ಈ 24 ಗಂಟೆಯಲ್ಲಿ ನೋವು ಅತಿ ಜಾಸ್ತಿ ಇದ್ದಾಗ ಎಷ್ಟಿತ್ತು?’ ಎಂದು ಕೇಳಿಕೊಳ್ಳಿ. 0 ಎಂದರೆ ಇಲ್ಲವೇ ಇಲ್ಲ, 10 ಎಂದರೆ ಇದಕ್ಕಿಂತ ಹೆಚ್ಚಿನದನ್ನು ಊಹಿಸಲೂ ಆಗದ ನೋವು. ನಿಮ್ಮ 7 ನಿಮ್ಮ ಅಕ್ಕನ 7 ಆಗಬೇಕಿಲ್ಲ. ನಿಮ್ಮ ನಿನ್ನೆಯ 7ಕ್ಕೆ ಹೊಂದಿದರೆ ಸಾಕು.

ಇನ್ನು ಅಕ್ಷರಗಳ ಅರ್ಥ

‘ರ’ ರಕ್ತ: ಇಲ್ಲದಿದ್ದರೆ 0, ಕಲೆಯಷ್ಟೇ ಆದರೆ 1, ಸಾಧಾರಣ 2, ಜಾಸ್ತಿ 3. ‘ಮಾ’ ಮಾತ್ರೆ. ಇದನ್ನು ಮರೆಯಲೇಬೇಡಿ. ಎರಡು ಮಾತ್ರೆ ನುಂಗಿದ ಮೇಲಿನ 3ಕ್ಕೂ, ಬರೀ 3ಕ್ಕೂ ಅಜಗಜಾಂತರ. ಹೆಸರು ಗೊತ್ತಾಗದಿದ್ದರೆ ಮಾತ್ರೆ ಚೀಟಿಯ ಫೋಟೋ ತೆಗೆದಿಡಿ. ‘ಕೆ’ ಕೆಲಸ. ಜೀನ್ಸ್ ಹೊಲಿಯುವವರು ಮಷಿನ್ ಮುಂದೆ ಇಡೀ ದಿನ ಕೂತಿರೋ, ಮಧ್ಯಾಹ್ನಕ್ಕೇ ಎದ್ದು ಬಂದಿರೋ ಬರೆಯಿರಿ. ಮನೆಯಲ್ಲಿರುವವರಿಗೆ ರೊಟ್ಟಿ ಬಡಿಯಲು ಆಯಿತೋ ಇಲ್ಲವೋ ಎಂಬುದೇ ಒಳ್ಳೆಯ ಅಳತೆ.

ನಾಚಿಕೆಯ ಪ್ರಶ್ನೆಗಳೂ ಇವೆ. ಸಂಡಾಸಿಗೆ ಕೂತಾಗ, ಮೂತ್ರ ಮಾಡುವಾಗ ನೋವಾಯಿತೇ? ಗಂಡನ ಜೊತೆ ಸೇರುವಾಗ? ಡಾಕ್ಟರಿಗೆ ಇವು ದೊಡ್ಡ ಸುಳಿವು. ಕೊನೆಯ ಪ್ರಶ್ನೆಗೆ, ಸೇರದ ದಿನ 0 ಬರೆಯಬೇಡಿ. 0 ಎಂದರೆ ಸೇರಿದರೂ ನೋವಿರಲಿಲ್ಲ ಎಂದಾಗುತ್ತದೆ. ಸುಮ್ನೆ ಗೀಟು ಎಳೆಯಿರಿ. ನೋವಿನ ಭಯಕ್ಕೇ ಬೇಡ ಅಂದಿದ್ದರೆ ‘ಭ’ ಎಂದು ಹಾಕಿ. ಅದು ಬೇರೆಯೇ ಸಂಗತಿ.

ಮುಟ್ಟಿಲ್ಲದ ದಿನವೂ ಬರೆಯಿರಿ

ಹೆಚ್ಚಿನವರು ಎಡವುವುದು ಇಲ್ಲೇ. ಮುಟ್ಟು ನಿಂತ ಮೇಲೂ ನೋವು ಬರುತ್ತದೆಯೇ ಎಂಬುದು ಮುಖ್ಯ. ಆರಾಮಾಗಿದ್ದರೆ 0 ಒತ್ತಿ. ಮರೆತ ದಿನ ಖಾಲಿ ಬಿಡಿ, ನೆನಪಿಸಿಕೊಂಡು ತುಂಬಬೇಡಿ. ಇವತ್ತು ನೋವಿದ್ದರೆ ಹೋದ ವಾರವೂ ನೋವೇ ಇತ್ತು ಎಂದು ಮನಸ್ಸು ನಂಬಿಬಿಡುತ್ತದೆ.

ಎರಡು ಮೂರು ಮುಟ್ಟು ಕಳೆಯುವಷ್ಟು ಬರೆದರೆ ಚಿತ್ರ ಮೂಡುತ್ತದೆ. ಹಾಗಂತ ಡೈರಿ ತುಂಬಲಿ ಎಂದು ಡಾಕ್ಟರನ್ನು ಕಾಣದೆ ಕೂರಬೇಡಿ. ಒಮ್ಮೆಲೇ ತಡೆಯಲಾರದ ನೋವು, ತಲೆಸುತ್ತಿ ಬೀಳುವುದು, ಜ್ವರ, ಮುಟ್ಟು ತಪ್ಪಿ ಹೊಟ್ಟೆನೋವು, ಇವು ಬಂದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು.

ತೋರಿಸುವಾಗ

ಬಳ್ಳಾರಿಯವರು ಈಗಲೂ ವಿಮ್ಸ್ ಎನ್ನುವ ದೊಡ್ಡಾಸ್ಪತ್ರೆಗೆ ಹೋಗಲಿ, ರಾಯಚೂರಿನ ರಿಮ್ಸ್‌ಗೆ ಹೋಗಲಿ, ತೊಂಬತ್ತು ಮೆಸೇಜ್ ಓದುವ ಪುರುಸೊತ್ತು ಯಾರಿಗೂ ಇಲ್ಲ. ಒಂದು ಚೀಟಿಯಲ್ಲಿ ನಾಲ್ಕೇ ಸಾಲು ಬರೆದೊಯ್ಯಿರಿ. 7 ದಾಟಿದ ದಿನ ಎಷ್ಟು, ಅದರಲ್ಲಿ ಮುಟ್ಟಿಲ್ಲದ ದಿನ ಎಷ್ಟು, ನುಂಗಿದ ಮಾತ್ರೆ ಎಷ್ಟು, ಕೆಲಸ ತಪ್ಪಿದ ದಿನ ಎಷ್ಟು. ಡೈರಿ ನೋಡಿಯೇ ಕಾಯಿಲೆ ಇದೇ ಎಂದು ಹೇಳಲು ಬರುವುದಿಲ್ಲ. ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣದೆಯೂ ಈ ಕಾಯಿಲೆ ಇರಬಹುದು. ಮುಂದೇನು ಎಂದು ಡಾಕ್ಟರ್ ಯೋಚಿಸಲು ಆ ಚೀಟಿ ಕೈಯಲ್ಲಿರಬೇಕು.

ಔಷಧ ಶುರುವಾದ ದಿನ ಡೈರಿ ನಿಲ್ಲಿಸಬೇಡಿ. ಅದೇ ಹೊತ್ತು, ಅದೇ ಪ್ರಶ್ನೆ. ಮೊದಲ ತಿಂಗಳ 8 ಮೂರನೇ ತಿಂಗಳಿಗೆ 5 ಆಯಿತೋ, ಅಲ್ಲೇ ನಿಂತಿತೋ, ಮುಂದಿನ ಸಲ ಹೋದಾಗ ತೋರಿಸಿ.