ನಾಳೆ ಗಣಿತ ಪರೀಕ್ಷೆ, ಇವತ್ತು ರಾತ್ರಿ 102 ಜ್ವರ

ಎಸ್‌ಎಸ್‌ಎಲ್‌ಸಿ ಪರೀಕ್ಷೆ ಬರುವುದು ಮಾರ್ಚ್ ಬಿಸಿಲಿನಲ್ಲಿ. ವಾಂತಿಭೇದಿ, ಸೀತಾಳೆ ಸಿಡುಬು, ಮಂಗನಬಾವು ಕಾಣಿಸಿಕೊಳ್ಳುವುದೂ ಅದೇ ಹೊತ್ತಿಗೆ. ಮಗ ಅಥವಾ ಮಗಳು ಮಲಗಿಬಿಟ್ಟ ರಾತ್ರಿ ಮನೆಯವರು ಕ್ಲಿನಿಕ್ಕಿಗೆ ಓಡಿ, "ಏನಾದರೂ ಮಾಡಿ ಡಾಕ್ಟ್ರೇ, ನಾಳೆ ಎದ್ದು ಕೂತರೆ ಸಾಕು, ಒಂದು ಗ್ಲೂಕೋಸ್ ಹಾಕಿಬಿಡಿ" ಎನ್ನುತ್ತಾರೆ. 500 ಎಂಎಲ್‌ನ 5% ಗ್ಲೂಕೋಸ್ ಬಾಟಲಿಯಲ್ಲಿರುವುದು 25 ಗ್ರಾಂ ಸಕ್ಕರೆ, ಅಂದರೆ ಐದಾರು ಚಮಚ. ಬಾಯಲ್ಲಿ ಕುಡಿಯಬಲ್ಲ ಮಗುವಿಗೆ ಅದರಿಂದ ಹೊಸ ಶಕ್ತಿಯೇನೂ ಬರುವುದಿಲ್ಲ. ಕುಡಿದದ್ದೆಲ್ಲ ವಾಂತಿಯಾಗಿ ನೀರಿನಂಶ ಕಳೆದುಕೊಂಡಿದ್ದರೆ ಡ್ರಿಪ್ ಬೇಕೇ ಬೇಕು. ಅದನ್ನು ಡಾಕ್ಟರ್ ನೋಡಿ ಹೇಳಲಿ, ನಾವು ಕೇಳಿ ಹಾಕಿಸಿಕೊಳ್ಳುವುದು ಬೇಡ.

ಗಾಬರಿ ಇಳಿಯಬೇಕಾದರೆ ಒಂದು ವಿಷಯ ಮನೆಯಲ್ಲಿ ಎಲ್ಲರಿಗೂ ಗೊತ್ತಿರಬೇಕು. ಒಂದು ಪತ್ರಿಕೆ ತಪ್ಪಿದರೆ ವರ್ಷ ಹೋಗುವ ಕಾಲ ಈಗಿಲ್ಲ. 2024ರಿಂದ ಪರೀಕ್ಷಾ ಮಂಡಳಿ ಎಸ್‌ಎಸ್‌ಎಲ್‌ಸಿಗೂ ದ್ವಿತೀಯ ಪಿಯುಸಿಗೂ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಸುತ್ತಿದೆ. ಪರೀಕ್ಷೆ-1ರಲ್ಲಿ ಕೈತಪ್ಪಿದ ವಿಷಯವನ್ನು ಪರೀಕ್ಷೆ-2ರಲ್ಲಿ ಬರೆಯಬಹುದು. ಬರೆದು ಕಡಿಮೆ ಅಂಕ ಬಂದರೂ ಮತ್ತೆ ಬರೆಯಬಹುದು, ಎರಡರಲ್ಲಿ ಹೆಚ್ಚು ಬಂದದ್ದೇ ಉಳಿಯುತ್ತದೆ. ಮಲಗಿರುವ ಮಗುವಿಗೆ ಇದನ್ನು ಬಾಯಿಬಿಟ್ಟು ಹೇಳಿ. ಅರ್ಧ ಜ್ವರ ಇಳಿಯುತ್ತದೆ ಅಂತಲ್ಲ, ನಿದ್ದೆಯಂತೂ ಬರುತ್ತದೆ. ಸಿಬಿಎಸ್‌ಇ ಮಕ್ಕಳಿಗೆ ಲೆಕ್ಕ ಬೇರೆ: 2026ರಿಂದ ಹತ್ತನೇ ತರಗತಿಗೆ ಎರಡು ಪರೀಕ್ಷೆ ಇದ್ದರೂ, ಮೊದಲನೆಯದರಲ್ಲಿ ಮೂರು ಅಥವಾ ಹೆಚ್ಚು ವಿಷಯಕ್ಕೆ ಗೈರಾದರೆ ಎರಡನೆಯದಕ್ಕೆ ಕೂರಿಸುವುದಿಲ್ಲ. ಆ ಮಕ್ಕಳ ವಿಷಯದಲ್ಲಿ ಎಷ್ಟು ಪತ್ರಿಕೆ ಬಿಡುತ್ತಿದ್ದೇವೆ ಎಂದು ಎಣಿಸಿಯೇ ತೀರ್ಮಾನಿಸಬೇಕು.

ರಾತ್ರಿ ಮಾಡಬೇಕಾದ್ದು

ಹಣೆ ಮುಟ್ಟಿ ನೋಡಿದರೆ ಸಾಲದು, ಥರ್ಮಾಮೀಟರ್ ಇಟ್ಟು ನೋಡಿ. ಒಂದು ಹಾಳೆಯಲ್ಲಿ ಗಂಟೆ, ಜ್ವರ, ಕೊಟ್ಟ ಮಾತ್ರೆ, ಮೂತ್ರಕ್ಕೆ ಹೋದ ಹೊತ್ತು ಬರೆಯುತ್ತಾ ಹೋಗಿ. ಅಪ್ಪ ಹತ್ತಕ್ಕೆ ಕೊಟ್ಟ ಮಾತ್ರೆಯನ್ನೇ ಅಮ್ಮ ಹನ್ನೆರಡಕ್ಕೆ ಮತ್ತೆ ಕೊಡುವುದನ್ನು ತಪ್ಪಿಸುವುದು ಈ ಹಾಳೆಯೇ.

ಜ್ವರಕ್ಕೆ ಪ್ಯಾರಸಿಟಮಾಲ್ ಸಾಕು. ಒಂದು ಸಲಕ್ಕೆ ಕಿಲೋ ತೂಕಕ್ಕೆ 10ರಿಂದ 15 ಮಿಲಿಗ್ರಾಂ. 40-45 ಕಿಲೋ ತೂಗುವ ಮಗುವಿಗೆ 500ರ ಒಂದು ಮಾತ್ರೆ, ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಮೀರದಂತೆ. ದೊಡ್ಡವರಿಗೆಂದು ತಂದಿಟ್ಟ 650ರ ಮಾತ್ರೆ 40 ಕಿಲೋ ಮಗುವಿಗೆ ಹೆಚ್ಚೇ. ಲಿವರ್ (ಯಕೃತ್ತು) ತೊಂದರೆ ಇದ್ದರೆ ಡಾಕ್ಟರನ್ನು ಕೇಳದೆ ಪ್ಯಾರಸಿಟಮಾಲ್ ಕೂಡ ಕೊಡಬೇಡಿ. ನೆಗಡಿ ಮಾತ್ರೆಗಳ ಪಟ್ಟಿಯನ್ನು ತಿರುಗಿಸಿ ಓದಿ: ಬಹುಪಾಲು ಅದರೊಳಗೂ ಪ್ಯಾರಸಿಟಮಾಲ್ ಇರುತ್ತದೆ, ಜೊತೆಗೆ ಕ್ಲೋರ್‌ಫೆನಿರಮಿನ್ ಎಂಬ ತೂಕಡಿಕೆಯ ಔಷಧಿಯೂ ಇರುತ್ತದೆ. ಒಂದೇ ಔಷಧಿ ಎರಡು ಪಾಲು ಹೊಟ್ಟೆಗೆ ಹೋಗುವುದಷ್ಟೇ ಅಲ್ಲ, ಮಗು ಪ್ರಶ್ನೆಪತ್ರಿಕೆಯ ಮೇಲೆ ತಲೆಯಿಟ್ಟು ಮಲಗುತ್ತದೆ. ಆಸ್ಪಿರಿನ್ ಬೇಡವೇ ಬೇಡ. ಡೆಂಗಿ ಅಥವಾ ಸಿಡುಬಿನ ಅನುಮಾನವಿದ್ದರೆ ಐಬುಪ್ರೊಫೆನ್ ಕೂಡ ಬೇಡ. ಹೋದ ವರ್ಷ ಉಳಿದ ಆಂಟಿಬಯಾಟಿಕ್ ಕಪಾಟಿನಲ್ಲೇ ಇರಲಿ.

ವಾಂತಿಭೇದಿಗೆ ಓಆರ್‌ಎಸ್. ದೊಡ್ಡ ಪೊಟ್ಟಣ ಒಂದು ಲೀಟರಿಗೆ, ಚಿಕ್ಕದು 200 ಎಂಎಲ್‌ಗೆ. ಪೊಟ್ಟಣದ ಮೇಲೆ ಬರೆದಷ್ಟು ನೀರನ್ನು ಅಳೆದು ಹಾಕಿ. ದೊಡ್ಡ ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿದರೆ ಉಪ್ಪು ಹೆಚ್ಚಾಗಿ ಭೇದಿ ಇನ್ನೂ ಜೋರಾಗುತ್ತದೆ. ಕಲಸಿದ್ದನ್ನು 24 ಗಂಟೆಯೊಳಗೆ ಮುಗಿಸಬೇಕು, ಉಳಿದರೆ ಚೆಲ್ಲಿ. ಅಂಗಡಿಯಲ್ಲಿ ಟೆಟ್ರಾ ಪ್ಯಾಕಿನ ಹಣ್ಣಿನ ಪಾನೀಯವನ್ನು ಓಆರ್‌ಎಸ್ ಎಂದು ಮಾರುತ್ತಿದ್ದರು. 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಆ ಹೆಸರು ಬಳಸಬಾರದೆಂದಿತು. ಔಷಧಿ ಅಂಗಡಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ಬರೆದದ್ದನ್ನೇ ಕೇಳಿ ತನ್ನಿ. ರಾತ್ರಿ ಅಂಗಡಿ ಮುಚ್ಚಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಸಮತಟ್ಟಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ವಾಂತಿಯಾದ ಕೂಡಲೇ ಲೋಟಗಟ್ಟಲೆ ಕುಡಿಸಿದರೆ ಮತ್ತೆ ಬರುತ್ತದೆ. ಹತ್ತು ನಿಮಿಷ ಬಿಟ್ಟು, ಚಮಚದಲ್ಲಿ ನಿಧಾನಕ್ಕೆ ಶುರು ಮಾಡಿ. ಪ್ರತಿ ಭೇದಿಗೂ ಒಂದು ಲೋಟ ಒಳಗೆ ಹೋಗಲಿ. ಭೇದಿ ನಿಲ್ಲಿಸುವ ಲೊಪೆರಮೈಡ್ ಮಾತ್ರೆಯನ್ನು ಜ್ವರವಿದ್ದಾಗ, ರಕ್ತ ಬಿದ್ದಾಗ ಕೊಡಬಾರದು.

ಪರೀಕ್ಷೆ ಮರೆತು ಆಸ್ಪತ್ರೆಗೆ ಹೋಗಬೇಕಾದ ಲಕ್ಷಣ

ಕತ್ತು ಬಗ್ಗಿಸಲಾಗದ ತಲೆನೋವು, ಉಸಿರಾಟಕ್ಕೆ ಕಷ್ಟ, ಮಾತು ತಡವರಿಸುವುದು, ಎಂಟು ಗಂಟೆಗಳ ಕಾಲ ಮೂತ್ರವಿಲ್ಲ, ವಾಂತಿ ಅಥವಾ ಭೇದಿಯಲ್ಲಿ ರಕ್ತ, ಹೊಕ್ಕಳ ಹತ್ತಿರ ಶುರುವಾಗಿ ಬಲಗಡೆ ಕೆಳಹೊಟ್ಟೆಗೆ ಇಳಿದ ನೋವು. ಇವುಗಳಲ್ಲಿ ಒಂದಿದ್ದರೂ ಬೆಳಗಿನವರೆಗೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಡೆಂಗಿಯಲ್ಲಿ ಜ್ವರ ಇಳಿದ ಮೇಲಿನ ಒಂದೆರಡು ದಿನವೇ ಅಪಾಯದ್ದು. "ಜ್ವರ ಬಿಟ್ಟಿದೆಯಲ್ಲ, ಬರೆದು ಬರಲಿ" ಎಂದು ಕಳಿಸುವ ಮೊದಲು ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ ಇದೆಯೇ ನೋಡಿ.

ಬೆಳಿಗ್ಗೆ ಏಳೂವರೆಗೆ ಮನೆಯಲ್ಲೇ ಒಂದು ಪರೀಕ್ಷೆ

ಕಳಿಸುವುದೋ ಬಿಡುವುದೋ ಎಂದು ಮನೆಮಂದಿ ವಾದ ಮಾಡುವುದಕ್ಕಿಂತ ಇದು ಮೇಲು. ಮಗುವನ್ನು ಹಾಸಿಗೆಯಿಂದ ಎಬ್ಬಿಸಿ, ಮುಖ ತೊಳೆಸಿ, ಮೇಜಿನ ಮುಂದೆ ಕೂರಿಸಿ. ತನಗೆ ಚೆನ್ನಾಗಿ ಗೊತ್ತಿರುವ ಒಂದು ಲೆಕ್ಕ ಮಾಡಲಿ, ಅರ್ಧ ಪುಟ ಬರೆಯಲಿ. ನೀವು ಉತ್ತರ ನೋಡಬೇಡಿ, ಕೈ ನೋಡಿ. ಅಕ್ಷರ ಸಾಲು ಬಿಟ್ಟು ಇಳಿಯುತ್ತಿದೆಯೇ, ಎಡಗೈ ತಲೆಗೆ ಊರಿದೆಯೇ, ಅದೇ ಸಾಲನ್ನು ಎರಡು ಸಲ ಬರೆಯಿತೇ? ಅರ್ಧ ಗಂಟೆ ಕೂರಲಾಗದ ಮಗುವಿಗೆ ಮೂರೂಕಾಲು ಗಂಟೆ ಕೂರಲು ಆಗುವುದಿಲ್ಲ. ಆಗ ಮಲಗಲು ಬಿಡಿ, ಮುಖ್ಯ ಶಿಕ್ಷಕರಿಗೆ ಫೋನ್ ಮಾಡಿ, ಡಾಕ್ಟರಿಂದ ಅದೇ ದಿನದ ತಾರೀಖಿನ ಚೀಟಿ ಬರೆಸಿಕೊಳ್ಳಿ.

ಕೂರಬಲ್ಲದು ಎಂದಾದರೆ ಹೊತ್ತಿನ ಲೆಕ್ಕ ಹಾಕಿ. ಪತ್ರಿಕೆ 10ಕ್ಕೆ, ಮುಗಿಯುವುದು 1.15ಕ್ಕೆ. ಪ್ಯಾರಸಿಟಮಾಲ್ ಕೆಲಸ ಶುರುಮಾಡಲು ಅರ್ಧದಿಂದ ಒಂದು ಗಂಟೆ ಬೇಕು, ಇರುವುದು ನಾಲ್ಕರಿಂದ ಆರು ಗಂಟೆ. ಆದ್ದರಿಂದ 9.15ಕ್ಕೆ ಕೊಟ್ಟರೆ ಇಡೀ ಪತ್ರಿಕೆಗೆ ಬರುತ್ತದೆ. ಅದಕ್ಕೆ ಹಿಂದಿನ ಮಾತ್ರೆ ರಾತ್ರಿ ಮೂರಕ್ಕೆ ಮುಗಿದಿರಬೇಕು. ಎಂಟಕ್ಕೆ ಗಂಜಿ, ಎರಡು ಇಡ್ಲಿ ಅಥವಾ ತೆಳ್ಳಗಿನ ರಾಗಿ ಅಂಬಲಿ. ನೀರು, ಓಆರ್‌ಎಸ್ ಎಲ್ಲ ಎಂಟೂವರೆಯೊಳಗೆ ಕುಡಿಸಿ, ಆಮೇಲೆ ಗುಟುಕು ಗುಟುಕಾಗಿ ಮಾತ್ರ. ಇಲ್ಲದಿದ್ದರೆ ಹನ್ನೊಂದಕ್ಕೆ ಎದ್ದು ಹೋಗಬೇಕಾಗುತ್ತದೆ.

ಪಾರದರ್ಶಕ ಬಾಟಲಿ, ಕರ್ಚೀಫು, ಮಡಿಸಿದ ಪ್ಲಾಸ್ಟಿಕ್ ಕವರು ಜೊತೆಗಿರಲಿ. ಇವನ್ನು ಒಳಗೆ ಒಯ್ಯಬಹುದೇ ಎಂದು ಮೊದಲೇ ಕೇಳಿಕೊಳ್ಳಿ. ಅರ್ಧ ಗಂಟೆ ಮೊದಲೇ ಕೇಂದ್ರ ತಲುಪಿ ಮುಖ್ಯ ಅಧೀಕ್ಷಕರಿಗೆ ವಿಷಯ ತಿಳಿಸಿ. ವಾಂತಿ ಬಂದರೆ ಹೊರಗೆ ಹೋಗಲು ಬಿಡಬೇಕೆಂದು ಕೊಠಡಿಯ ಮೇಲ್ವಿಚಾರಕರಿಗೆ ಮೊದಲೇ ಗೊತ್ತಿದ್ದರೆ ಮಗು ಸಂಕೋಚದಿಂದ ತಡೆದುಕೊಂಡು ಕೂರುವುದಿಲ್ಲ.

ಜ್ವರದ ತಲೆಗೆ ಪತ್ರಿಕೆಯ ಕ್ರಮವೂ ಬೇರೆ ಇರಬೇಕು. ಈಚಿನ ವರ್ಷಗಳ ಗಣಿತ ಪತ್ರಿಕೆಯಲ್ಲಿ 80 ಅಂಕಗಳ ಪೈಕಿ 16 ಅಂಕ ಒಂದಂಕದ ಪ್ರಶ್ನೆಗಳಿಗೆ, 16 ಅಂಕ ಎರಡಂಕದವಕ್ಕೆ. ಮೊದಲ ಒಂದು ಗಂಟೆ ಇವಕ್ಕೇ ಕೊಟ್ಟರೆ, ನಡುವೆ ಏಳಬೇಕಾಗಿ ಬಂದರೂ 32 ಅಂಕದ ಬರಹ ಕೈಯಲ್ಲಿರುತ್ತದೆ. ಆಮೇಲೆ ಮೂರು ಅಂಕದವು. ನಾಲ್ಕೈದು ಅಂಕದ ಪ್ರಮೇಯದಂಥ ದೊಡ್ಡ ಪ್ರಶ್ನೆಗಳು ಮೈ ಒಪ್ಪಿದರೆ.

ಸಿಡುಬು ಎದ್ದರೆ

ಊರ ಕಡೆ 'ಅಮ್ಮ' ಎನ್ನುವ ಸೀತಾಳೆ ಸಿಡುಬಿನಲ್ಲಿ ಹೊತ್ತು ಬಹಳ ಮುಖ್ಯ. ಹದಿಮೂರು ದಾಟಿದ ಮಕ್ಕಳಿಗೆ ಡಾಕ್ಟರ್ ಬರೆದುಕೊಡುವ ಅಸೈಕ್ಲೊವಿರ್ ಚೆನ್ನಾಗಿ ಕೆಲಸ ಮಾಡುವುದು ಗುಳ್ಳೆ ಎದ್ದ 24 ಗಂಟೆಯೊಳಗೆ ಶುರುಮಾಡಿದರೆ. ಬೇವಿನ ಸೊಪ್ಪು ತಲೆದೆಸೆಯಲ್ಲಿ ಇರಲಿ, ನಂಬಿಕೆಗೂ ಔಷಧಿಗೂ ಜಗಳವಿಲ್ಲ. ಆದರೆ ಮೊದಲ ದಿನವೇ ಡಾಕ್ಟರಿಗೆ ತೋರಿಸಿ. ಎಲ್ಲ ಗುಳ್ಳೆಗಳೂ ಒಣಗಿ ಹಕ್ಕಳೆ ಕಟ್ಟುವವರೆಗೆ, ಅಂದರೆ ಐದಾರು ದಿನ, ಇನ್ನೊಬ್ಬರಿಗೆ ಅಂಟುತ್ತದೆ. ಬಚ್ಚಿಟ್ಟು ಕಳಿಸಿದರೆ ಅದೇ ಕೋಣೆಯ ಮಕ್ಕಳು ಎರಡು ಮೂರು ವಾರಕ್ಕೆ ಮಲಗುತ್ತಾರೆ, ಗರ್ಭಿಣಿ ಮೇಲ್ವಿಚಾರಕಿಗಂತೂ ದೊಡ್ಡ ಅಪಾಯ. ಮುಖ್ಯ ಶಿಕ್ಷಕರ ಮೂಲಕ ಬೇರೆ ಕೋಣೆ ಕೇಳಿ. ಕೋವಿಡ್ ಕಾಲದಲ್ಲಿ, 2020ರ ಜೂನ್-ಜುಲೈನ ಪರೀಕ್ಷೆಯಲ್ಲಿ ಜ್ವರವಿದ್ದ ಮಕ್ಕಳನ್ನು ಹಾಗೆಯೇ ಪ್ರತ್ಯೇಕ ಕೂರಿಸಿದ್ದರು.

ಮುಟ್ಟಿನ ನೋವಿಗೆ ಪರೀಕ್ಷೆಯ ಬೆಳಿಗ್ಗೆ ಹೊಸ ಮಾತ್ರೆ ಪ್ರಯೋಗ ಬೇಡ. ಡೈಸೈಕ್ಲೊಮಿನ್ ಬೆರೆತ ಮಾತ್ರೆ ಕೆಲವರಿಗೆ ತೂಕಡಿಕೆ, ಮಂಜುಗಣ್ಣು ತರುತ್ತದೆ. ಯಾವುದು ಒಗ್ಗುತ್ತದೆ ಎಂಬುದನ್ನು ಡಾಕ್ಟರನ್ನು ಕೇಳಿ ಜನವರಿ, ಫೆಬ್ರವರಿಯಲ್ಲೇ ನೋಡಿಕೊಂಡಿರಬೇಕು, ಅದೂ ತಿಂಡಿ ತಿಂದ ಮೇಲೆ. ಬಲಗೈ ಮುರಿದಿದ್ದರೆ ಅದೇ ದಿನ ವೈದ್ಯರ ಪ್ರಮಾಣಪತ್ರದೊಂದಿಗೆ ಶಾಲೆಗೆ ಹೋಗಿ ಬರಹಗಾರರ ಸಹಾಯಕ್ಕೆ ಅರ್ಜಿ ಕೊಡಿ.

ಜ್ವರವಿಲ್ಲ, ಭೇದಿಯಿಲ್ಲ, ಆದರೂ ಪರೀಕ್ಷೆಯ ಬೆಳಿಗ್ಗೆ ಮಾತ್ರ ಹೊಟ್ಟೆ ಹಿಂಡುತ್ತದೆ, ವಾಂತಿ ಬರುತ್ತದೆ ಎಂದರೆ ಅದು ನಾಟಕವಲ್ಲ, ಭಯ. ನಾಲ್ಕು ಎಣಿಸುವವರೆಗೆ ಉಸಿರೆಳೆದು ಆರು ಎಣಿಸುವವರೆಗೆ ಬಿಡುವುದನ್ನು ಐದು ನಿಮಿಷ ಮಗುವಿನ ಜೊತೆ ಕೂತು ನೀವೂ ಮಾಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಮಗುವೇ ಫೋನ್ ಮಾಡಿ ಕನ್ನಡದಲ್ಲಿ ಮಾತಾಡಬಹುದು.

ಬರೆದು ಬಂದ ಮೇಲೆ ಪ್ರಶ್ನೆಪತ್ರಿಕೆಯನ್ನು ಕೈಯಿಂದ ತೆಗೆದುಕೊಂಡು ಎತ್ತಿಡಿ, ಎಷ್ಟು ಬರುತ್ತದೆಂದು ಕೇಳಬೇಡಿ. ಮೊಸರನ್ನ ತಿನ್ನಿಸಿ ಒಂದು ಗಂಟೆ ಮಲಗಿಸಿ. ಸಂಜೆ ಕಣ್ಣು ನೋಯುತ್ತಿದ್ದರೆ ಮಗು ಮಲಗಿಯೇ ಇರಲಿ, ಮುಂದಿನ ಪತ್ರಿಕೆಯ ಟಿಪ್ಪಣಿಯನ್ನು ಮನೆಯವರು ಯಾರಾದರೂ ಜೋರಾಗಿ ಓದಿ ಹೇಳಿ. ಒಂಬತ್ತೂವರೆಗೆ ದೀಪ ಆರಲಿ.