ಒದ್ದೆ ಕೈಯಲ್ಲಿ ಹರಿಯಬಾರದು, ಪೈಪಿನಲ್ಲಿ ಉಳಿಯಬಾರದು

ಪ್ರಾಜೆಕ್ಟಿಗೆಂದು ಲ್ಯಾಬಿನಲ್ಲಿ ಟಾಯ್ಲೆಟ್ ಟಿಶ್ಯೂ ಮಾಡುವ ಹುಡುಗರು ಒಂದೇ ಕಡೆ ಎಡವುವುದನ್ನು ಎಷ್ಟೋ ಸಲ ನೋಡಿದ್ದೇನೆ. ಗಟ್ಟಿಯಾಗಲಿ ಅಂತ ಕಿಚನ್ ಟವೆಲ್‌ಗೆ ಬಳಸುವ ರೆಸಿನ್ (ನಾರುಗಳನ್ನು ಬೆಸೆಯುವ ಅಂಟಿನಂಥ ರಾಸಾಯನಿಕ) ಸುರಿದುಬಿಡುತ್ತಾರೆ. ಹಾಳೆ ಗಟ್ಟಿಯಾಗುತ್ತದೆ ನಿಜ, ಆದರೆ ಫ್ಲಶ್ ಮಾಡಿದ ಮೇಲೆ ಒಳಚರಂಡಿ ಚೇಂಬರಿನಲ್ಲೂ ಹಾಗೇ ಕೂತಿರುತ್ತದೆ.

ಮೊದಲು ಪಲ್ಪ್. ನೀಲಗಿರಿಯ ಗಿಡ್ಡ ನಾರು 7 ಭಾಗ, ಪೈನ್‌ನ ಉದ್ದ ನಾರು 3 ಭಾಗ ಸೇರಿಸಿ ನೀರಲ್ಲಿ ಬಿಡಿಸಿ. ಜಾಸ್ತಿ ಅರೆಯಬೇಡಿ, ಹಾಳೆ ಒರಟಾಗುತ್ತದೆ.

ಈಗ ನಿಜವಾದ ಕೆಲಸ. ಒಣ ಕಾಗದದ ನಾರುಗಳನ್ನು ಹಿಡಿದಿರುವುದು ಹೈಡ್ರೋಜನ್ ಬಂಧ. ನೀರು ನುಗ್ಗಿದರೆ ಅದು ಬಿಟ್ಟುಕೊಡುತ್ತದೆ, ಮೈದಾ ಗಂಜಿ ಹಾಕಿದರೂ ಅಷ್ಟೇ. ಕಿಚನ್ ಟವೆಲ್‌ನ ರೆಸಿನ್, ಅಂದರೆ ಪಾಲಿಅಮೈಡ್-ಎಪಿಕ್ಲೋರೋಹೈಡ್ರಿನ್, ಹಾಕುವ ಬಂಧವನ್ನು ನೀರು ಬಿಡಿಸಲಾರದು. ಇನ್ನೊಂದು ಮೋಸವೂ ಇದೆ: ಮಾಡಿದ ದಿನ ಪರೀಕ್ಷಿಸಿದರೆ ಹಾಳೆ ಬಿಡಿಬಿಡಿಯಾಗಿ 'ಪಾಸ್' ಆಗಬಹುದು, ಆಮೇಲೆ ದಿನ ಕಳೆದಂತೆ ಅದು ಗಟ್ಟಿಯಾಗುತ್ತಲೇ ಹೋಗುತ್ತದೆ. ನಮಗೆ ಬೇಕಾದ್ದು ಗ್ಲೈಆಕ್ಸಲ್ ಸೇರಿಸಿದ ಪಾಲಿಅಕ್ರಿಲಮೈಡ್ ಅನ್ನುವ ರೆಸಿನ್. ಇದರ ಬಂಧ ಸ್ವಲ್ಪ ಹೊತ್ತು ಹಿಡಿದಿದ್ದು, ನೆನೆಯುತ್ತಾ ನಿಧಾನಕ್ಕೆ ಬಿಡುತ್ತದೆ.

ರೆಸಿನ್ ಅಳತೆಯನ್ನು ಬಾಟಲಿಯ ತೂಕದ ಮೇಲೆ ಹಾಕಬೇಡಿ, ಒಳಗಿನ ಘನಾಂಶದ ಮೇಲೆ ಹಾಕಿ. 10 ಗ್ರಾಂ ಒಣ ನಾರಿಗೆ ಅರ್ಧ ಶೇಕಡಾ ಅಂದರೆ 50 ಮಿಲಿಗ್ರಾಂ. ಶೇ 1ರ ದ್ರಾವಣ ಮಾಡಿಕೊಂಡರೆ ಸುಮಾರು 5 ಮಿಲಿ ಸಾಕು, ಪಿಪೆಟ್‌ನಲ್ಲೇ ಪಲ್ಪಿಗೆ ಹಾಕಿ. ಕೈಗೆ ಗ್ಲೌಸ್ ಇರಲಿ. ಕ್ಷಾರ ಜಾಸ್ತಿ ಇರುವ ಬೋರ್‌ವೆಲ್ ನೀರಿನಲ್ಲಿ ಈ ರೆಸಿನ್ ಸರಿಯಾಗಿ ಹಿಡಿಯುವುದಿಲ್ಲ, ಪಿಎಚ್ 6ರ ಆಸುಪಾಸು ಇಟ್ಟುಕೊಳ್ಳಿ. ಹಳೇ ಬಾಟಲಿಯನ್ನು ಓರೆ ಮಾಡಿದಾಗ ಲೋಳೆ ಲೋಳೆಯಾಗಿ ಬಂದರೆ ಎಸೆದುಬಿಡಿ.

ಜಾಲರಿಯಲ್ಲಿ ಹಾಳೆ ಎತ್ತಿ, ಒತ್ತಿ, ಬಿಸಿಯಲ್ಲಿ ಒಣಗಿಸಿ.

'ಫ್ಲಶಬಲ್' ಅಂತ ಬರೆದ ಮಾತ್ರಕ್ಕೆ ವೈಪ್ಸ್ ನಂಬಬೇಡಿ. ನಮ್ಮ ಅಪಾರ್ಟ್‌ಮೆಂಟಿನ ಎಸ್‌ಟಿಪಿ (ಕೊಳಚೆ ನೀರು ಶುದ್ಧಮಾಡುವ ಘಟಕ) ಪಂಪಿನಿಂದ ಹಗ್ಗದ ಹಾಗೆ ಹೊಸೆದುಕೊಂಡ ವೈಪ್ಸ್ ಎಳೆದು ತೆಗೆದಿದ್ದನ್ನು ನೋಡಿದ ಮೇಲೆ ನಾನಂತೂ ಮನೆಗೆ ತರುವುದಿಲ್ಲ. ಎಷ್ಟೋ ವೈಪ್ಸ್‌ಗಳಲ್ಲಿ ಪಾಲಿಯೆಸ್ಟರ್ ಎಳೆ ಇರುತ್ತದೆ.

ಪರೀಕ್ಷೆಗೆ ಎರಡು ಬಾಟಲಿ ಸಾಕು. ಒಂದರಲ್ಲಿ ನಿಮ್ಮ ಹಾಳೆಯ ತುಂಡು, ಇನ್ನೊಂದರಲ್ಲಿ ಕಿಚನ್ ಟವೆಲ್ ತುಂಡು. ಮೊದಲು ನಿಮ್ಮ ಹಾಳೆಯನ್ನು ಒದ್ದೆ ಮಾಡಿ ಬೆರಳಿಗೆ ಸುತ್ತಿ ಉಜ್ಜಿ, ಹರಿಯಬಾರದು. ಆಮೇಲೆ ಎರಡನ್ನೂ ನೀರಲ್ಲಿ ಅರ್ಧ ಗಂಟೆ ನೆನೆಸಿ ಚೆನ್ನಾಗಿ ಕುಲುಕಿ. ನಿಮ್ಮದು ಗಂಜಿಯ ಹಾಗೆ ನಾರುನಾರಾಗಿ ತೇಲಬೇಕು. ಒಂದು ವಾರ ಬಿಟ್ಟು ಅದೇ ಹಾಳೆಯ ಇನ್ನೊಂದು ತುಂಡಿನಲ್ಲಿ ಮತ್ತೆ ನೋಡಿ. ಆಗ ಇಡಿಯಾಗೇ ಉಳಿದರೆ ರೆಸಿನ್ ಅರ್ಧಕ್ಕೆ ಇಳಿಸಿ ಹೊಸ ಹಾಳೆ ಎತ್ತಿ.