ಬಿದ್ದ ಮೇಲೂ ಚೆಂಡು ನಮ್ಮದೇ ಆಗಿರಬೇಕು

ಚಿಕ್ಕಮಗಳೂರಿನಲ್ಲಿ ನಾನು ರಗ್ಬಿ, ಅಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ, ಕಲಿಸಲು ಶುರು ಮಾಡಿದಾಗ ಬಂದವರೆಲ್ಲ ಕಬಡ್ಡಿ ಆಡುತ್ತಿದ್ದ ಹುಡುಗರು. ಆಲ್ದೂರು, ಮೂಡಿಗೆರೆ ಕಡೆಯವರೇ ಜಾಸ್ತಿ. ಓಟ ಇತ್ತು, ಧೈರ್ಯ ಇತ್ತು, ಎದುರಿಗೆ ಬಂದವನನ್ನು ಹಿಡಿಯಲು ಅಂಜುತ್ತಿರಲಿಲ್ಲ. ಆದರೂ ಮೊದಲ ಪಂದ್ಯದಲ್ಲಿ ನಮ್ಮವನು ಬಿದ್ದಾಗಲೆಲ್ಲ ಚೆಂಡು ಎದುರಾಳಿಗಳ ಪಾಲಾಯಿತು.

ತಪ್ಪು ನನ್ನದು. "ನುಗ್ಗಿ, ತಳ್ಳಿ" ಅಂತ ಅಷ್ಟೇ ಹೇಳಿಕೊಟ್ಟಿದ್ದೆ. ಅವರು ಹಾಗೇ ಮಾಡಿದರು. ಬ್ರೇಕ್‌ಡೌನ್‌ನಲ್ಲಿ, ಅಂದರೆ ಟ್ಯಾಕಲ್ ಆಗಿ (ಎದುರಾಳಿ ಹಿಡಿದು ಕೆಡವಿ) ಆಟಗಾರ ನೆಲಕ್ಕೆ ಬಿದ್ದ ಜಾಗದಲ್ಲಿ, ಹಾರಿ ಬಿದ್ದರು. ಕಾಲ ಮೇಲೆ ನಿಲ್ಲದವನು ಅಲ್ಲಿ ಚೆಂಡಿಗೆ ಪೈಪೋಟಿ ಮಾಡುವ ಹಾಗಿಲ್ಲ. ರೆಫ್ರಿ ವಿಸಿಲ್ ಊದುತ್ತಲೇ ಇದ್ದರು, ಪೆನಾಲ್ಟಿ ಮೇಲೆ ಪೆನಾಲ್ಟಿ.

ಆಮೇಲೆ ಬಿದ್ದವನಿಂದಲೇ ಕಲಿಸಲು ಶುರು ಮಾಡಿದೆ. ಟ್ಯಾಕಲ್ ಆದವನು ಚೆಂಡನ್ನು ತಕ್ಷಣ ಬಿಡಬೇಕು. ಆದರೆ ಎಲ್ಲಿ ಇಟ್ಟು ಬಿಡುತ್ತಾನೆ ಅನ್ನುವುದು ಅವನ ಕೈಯಲ್ಲೇ ಇದೆ. ನಮ್ಮ ಹುಡುಗರು ಎದೆಗೆ ಅವುಚಿಕೊಂಡು ಮುದುರಿಕೊಳ್ಳುತ್ತಿದ್ದರು. ಎಷ್ಟು ಹೇಳಿದರೂ ಆ ಅಭ್ಯಾಸ ಹೋಗಲಿಲ್ಲ. ಒಂದು ಸಂಜೆ ಅವರು ಸುಮ್ನೆ ಕಬಡ್ಡಿ ಆಡುವುದನ್ನು ನೋಡುತ್ತಾ ಕೂತಿದ್ದೆ. ರೈಡ್‌ಗೆ ಹೋದವನನ್ನು ನಾಲ್ಕು ಜನ ಸೇರಿ ಕೆಡವಿದರು. ಅವನು ಹೊಟ್ಟೆಯನ್ನು ಮಣ್ಣಿಗೆ ಉಜ್ಜಿಕೊಂಡು, ಮೈಯೆಲ್ಲ ಹಿಗ್ಗಿಸಿ, ಬೆರಳ ತುದಿಯನ್ನು ಮಧ್ಯದ ಗೆರೆಗೆ ಚಾಚಿದ. ನನಗೆ ಬೇಕಾಗಿದ್ದು ಇದೇ ಅಲ್ವಾ!

ಮಾರನೇ ದಿನ ಹೇಳಿದೆ: "ಬಿದ್ದ ಕೂಡಲೇ ನಮ್ಮ ಕಡೆ ಒಂದು ಮಧ್ಯದ ಗೆರೆ ಇದೆ ಅಂದ್ಕೊಳ್ಳಿ. ಚೆಂಡಿನಿಂದ ಅದನ್ನು ಮುಟ್ಟಿ." ಭುಜ ತಿರುಗಿತು, ಮೈ ಉದ್ದವಾಯಿತು, ಎರಡೂ ಕೈ ನೀಡಿ ಚೆಂಡನ್ನು ಇಟ್ಟರು. ಈಗ ಎದುರಾಳಿಗೆ ಚೆಂಡು ಸಿಗಬೇಕಾದರೆ ಒಂದು ಇಡೀ ದೇಹವನ್ನು ದಾಟಿ ಕೈ ಹಾಕಬೇಕು.

ಬೆಂಬಲಕ್ಕೆ ಮೊದಲು ಬರುವವನದು ಇನ್ನೂ ಕಷ್ಟದ ಕೆಲಸ. ಅವನು ಪಕ್ಕದಿಂದ ನುಗ್ಗಬಾರದು, ತನ್ನ ತಂಡದ ಕಡೆಯಿಂದ, ಹಿಂದಿನಿಂದಲೇ ಬರಬೇಕು. ಇದಕ್ಕೆ ಗೇಟ್ ಅಂತಾರೆ. ಬಿದ್ದವನ ಹಿಂದೆ ಎರಡು ಚಪ್ಪಲಿ ಇಟ್ಟು, "ತೋಟಕ್ಕೆ ಬೇಲಿ ಹಾರಿ ಹೋಗ್ತೀಯೋ, ಗೇಟಿಂದ ಹೋಗ್ತೀಯೋ?" ಅಂತ ಕೇಳಿದೆ. ತೋಟದ ಮನೆಗಳ ಹುಡುಗರು, ಅಷ್ಟರಲ್ಲೇ ಅರ್ಥ ಮಾಡಿಕೊಂಡರು.

ಮುಂದಿನದು ಎತ್ತರ. ಎದುರಾಳಿ ಕಾಲು ಅಗಲಿಸಿ ಬಗ್ಗಿ ಚೆಂಡಿಗೆ ಕೈ ಹಾಕಿ ಗಟ್ಟಿಯಾಗಿ ನಿಂತುಬಿಟ್ಟರೆ ಅವನನ್ನು ಅಲುಗಾಡಿಸುವುದು ಬಹಳ ಕಷ್ಟ. ಅವನು ನೆಲೆಯಾಗುವ ಮೊದಲೇ ತಲುಪಬೇಕು, ನಮ್ಮ ಭುಜ ಅವನ ಎದೆಗಿಂತ ಕೆಳಗಿರಬೇಕು. ಎರಡು ಕಂಬಕ್ಕೆ ಸೊಂಟಕ್ಕಿಂತ ಸ್ವಲ್ಪ ಮೇಲೆ ಹಗ್ಗ ಕಟ್ಟಿದೆ. ಆಚೆ ಕಡೆ ಹುಲ್ಲು ತುಂಬಿದ ಕಾಫಿ ಚೀಲವನ್ನು ಒಬ್ಬ ಹಿಡಿದು ನಿಂತಿರುತ್ತಿದ್ದ. ಹಗ್ಗದ ಕೆಳಗೆ ನುಸುಳಿ, ಚಿಕ್ಕ ಚಿಕ್ಕ ಹೆಜ್ಜೆ ಹಾಕಿ, ಚೀಲವನ್ನು ಹಿಂದಕ್ಕೆ ತಳ್ಳಬೇಕು. ಬೆನ್ನು ನೆಟ್ಟಗೆ, ಕಣ್ಣು ಮುಂದೆ. ತಲೆ, ಭುಜ ಸೊಂಟಕ್ಕಿಂತ ಕೆಳಗೆ ಹೋದರೆ ನಾನು ಅಲ್ಲೇ ನಿಲ್ಲಿಸುತ್ತೇನೆ. ನಿಯಮವೂ ಅದೇ. ಕತ್ತಿನ ವಿಷಯ, ಇದರಲ್ಲಿ ಯಾರಿಗೂ ಸಡಿಲ ಬಿಡುವುದಿಲ್ಲ.

ಕಬಡ್ಡಿಯ ಒಂದು ಅಭ್ಯಾಸ ಮಾತ್ರ ಬಿಡಿಸಬೇಕಾಯಿತು. ಅಲ್ಲಿ ಹಿಡಿದವನು ಬಿಡಬಾರದು, ಇಲ್ಲಿ ಕೆಡವಿದವನು ತಕ್ಷಣ ಬಿಟ್ಟು ಪಕ್ಕಕ್ಕೆ ಉರುಳಬೇಕು.

ನಾವು ಆಡುವುದು ಸೆವೆನ್ಸ್, ಏಳು ಜನರ ಆಟ. 2016ರ ರಿಯೋ ಕೂಟದಿಂದ ಒಲಿಂಪಿಕ್ಸ್‌ನಲ್ಲಿ ನಡೆಯುತ್ತಿರುವುದೂ ಇದೇ. ಮೈದಾನ ಮಾತ್ರ ಹದಿನೈದು ಜನರ ಆಟದಷ್ಟೇ ದೊಡ್ಡದು. ಹಾಗಾಗಿ ಮೂರು ನಾಲ್ಕು ಜನ ಒಂದೇ ಕಡೆ ಮುಗಿಬಿದ್ದರೆ ಉಳಿದ ಮೈದಾನ ಕಾಯುವವರೇ ಇರಲ್ಲ. ಒಬ್ಬ ಸಾಕು ಅನ್ನಿಸಿದರೆ ಒಬ್ಬನೇ ಹೋಗಬೇಕು. ಎರಡನೆಯವನು ತಲೆ ಎತ್ತಿ ನೋಡಿ, ಚೆಂಡಿಗೆ ಅಪಾಯ ಇದ್ದರೆ ಮಾತ್ರ ಸೇರಬೇಕು. ಈ ನಿರ್ಧಾರ ಕಲಿಸಲು ಚೀಲ, ಹಗ್ಗ ಯಾವುದೂ ಸಾಲದು. ಆಡಿ ಆಡಿಯೇ ಬರಬೇಕು.

ಆ ವರ್ಷ ಜುಲೈನಲ್ಲಿ ಮುಳ್ಳಯ್ಯನಗಿರಿ ಕಾಣದಷ್ಟು ಮಳೆ. ಚೆಂಡು ಸೋಪಿನ ಹಾಗೆ ಜಾರುತ್ತಿತ್ತು. ತಂಡದಲ್ಲೇ ಸಣ್ಣವನು ಕೆಸರಿಗೆ ಬಿದ್ದ, ಬಿದ್ದವನೇ ಮೈ ಚಾಚಿ ಚೆಂಡು ಇಟ್ಟ. ಹಿಂದಿನಿಂದ ಒಬ್ಬನೇ ಬಂದು ಅವನನ್ನು ದಾಟಿ ಬಗ್ಗಿ ನಿಂತ. ಎದುರಾಳಿ ಬಂದು ಗುದ್ದಿದರೂ ಕದಲಲಿಲ್ಲ. ಮೂರನೆಯವನು ಚೆಂಡು ಎತ್ತಿ ಪಾಸ್ ಕೊಟ್ಟ. ನಾನು ಗೆರೆಯಾಚೆ ನಿಂತು ಕೂಗುವುದನ್ನೂ ಮರೆತು ನೋಡುತ್ತಿದ್ದೆ.

ಈಗಲೂ ನಮ್ಮ ಅಭ್ಯಾಸ ಶುರುವಾಗುವುದು ಹತ್ತು ನಿಮಿಷ ಕಬಡ್ಡಿಯಿಂದಲೇ.